ಜೀವ ಇರುವವನ ಮೇಲೆ ಹಾಡಿದ ಹಾಡು

ತಾವರಗೇರಾದ ಕವನ ಸ್ಪರ್ಧೆಗೆ ನನ್ನನ್ನೂ ತೀರ್ಪುಗಾರಳಾಗಿ ಕೂರಿಸಿದ್ದರು. ಸತ್ತವರ ಮನೆಯಲ್ಲಿ ಹಾಡಿ ಅಳುವುದೇ ನನ್ನ ಕಸುಬು; ನಾನು ಅತ್ತರೆ ಹೆಣವೂ ಕಣ್ಣೊರೆಸಿಕೊಳ್ಳುತ್ತದೆ!

ಪಾರವ್ವ ಎದ್ದು ತನ್ನ ಕವನ ಹಾಡಿದಳು. ಕೇಳಿದೊಡನೆ ಗುರುತು ಹಿಡಿದೆ. ಅದು ಗಂಡನ ಹೆಣದ ಮುಂದೆ ಹೆಂಡತಿ ಅವನನ್ನು ಹೊಗಳಿ ಅಳುವ ಹಾಡು. ಅದನ್ನು ಹಾಡುವ ಹೊತ್ತಿಗೆ ಗಂಡಸರು ಹೂಳುವ ಕುಣಿ ತೋಡಲು ಹೋಗಿರುತ್ತಾರೆ, ಹಾಗಾಗಿ ಅವರಿಗೆ ಈ ಹಾಡು ಗೊತ್ತಿರುವುದಿಲ್ಲ. ಪಾರವ್ವನ ಗಂಡ ಹುಲಗಪ್ಪ ಮುಂದೆಯೇ ಕುಳಿತು, ತನ್ನನ್ನೇ ಹೊಗಳಿದಳೆಂದು ಹಿಗ್ಗಿ ಚಪ್ಪಾಳೆ ತಟ್ಟಿದ.

ಪಾರವ್ವನನ್ನು ಕರೆದು ಕೇಳಿದೆ: "ಏನಬೇ, ಗಂಡ ಗೂಳಿ ಇದ್ದಂಗ ಅದಾನ. ಯಾಕಿಷ್ಟ ಅವಸರ?"

"ಮೊದ್ಲ ರೂಢಿ ಇದ್ರ ಛಲೋ ಅಲ್ರಿ, ಆಯಿ?" ಎಂದು ನಕ್ಕಳು.

ಓಡಿಹೋಗಿ ಹುಲಗಪ್ಪನ ಕೈ ಹಿಡಿದೆ. "ತಮ್ಮಾ, ಇವತ್ತ ನಮ್ಮನ್ಯಾಗ ಉಣ್ಣು."

"ಬ್ಯಾಡ್ರಿ ಆಯಿ, ಆಕಿ ಆಗಲೇ ಅಡಗಿ ಮಾಡಿಟ್ಟಾಳ," ಎಂದು ಅವಳ ಹಿಂದೆ ನಡೆದ.