ಬೋಳು ಕೋಣೆಯಲ್ಲಿ ಮಗಳ ದನಿ

ನನ್ನ ಗಂಡ ವಾಲ್ಟರ್ ಹಜಾರದ ಕಾರ್ಪೆಟ್ಟನ್ನು ಕಿತ್ತು ಗ್ಯಾರೇಜಿಗೆ ಎಳೆದುಕೊಂಡು ಹೋದ ದಿನ ನಾನು ಬಾಯಿ ಬಿಡಲಿಲ್ಲ. ಕಿಟಕಿಯ ಪರದೆ ಬಿಚ್ಚಿದ ದಿನ ಬಿಟ್ಟೆ.

“ಏನ್ ಮಾಡ್ತಿದೀಯ?”

“ಟೀವಿ ಸದ್ದು ಸರಿ ಮಾಡ್ತಿದೀನಿ.”

“ಪರದೆ ಬಿಚ್ಚಿ?”

“ಧೂಳು, ನೂಲು, ಎಳೆ, ಇವೆಲ್ಲ ಸದ್ದಿಗೆ ಅಡ್ಡ ಬರ್ತವೆ ಐರಿನ್. ನಿಂಗೆ ಗೊತ್ತಾಗಲ್ಲ, ಬಿಡು.”

ನನಗೆ ಗೊತ್ತಾಗುವುದಿಲ್ಲವಂತೆ! ಇವನು ಮೂವತ್ತೆಂಟು ವರ್ಷ ನಮ್ಮೂರ ಕರ್ಲಿಂಗ್ ಕ್ಲಬ್ಬಿನಲ್ಲಿ, ಐಸಿನ ಮೇಲೆ ಕಲ್ಲು ಜಾರಿಸುವ ಆ ಆಟಕ್ಕೆ, ಐಸ್ ಹಾಸಿದವನು. ಕಲ್ಲು ಜಾರುವ ದಾರಿಯಲ್ಲಿ ಯಾರದೋ ಸ್ವೆಟರಿನ ಒಂದು ಎಳೆ ಬಿದ್ದಿದ್ದರೂ ಸಾಕು, ನಲವತ್ತು ಪೌಂಡಿನ ಕಲ್ಲು ಸೊಟ್ಟ ತಿರುಗಿಬಿಡುತ್ತದೆ. ಹಾಗಾಗಿ ಲೋಕದ ಎಲ್ಲ ಕೆಡುಕಿಗೂ ಎಳೆ ಮತ್ತು ಕೂದಲೇ ಕಾರಣ ಎಂದು ನಂಬಿದ್ದಾನೆ. ಮದುವೆಯಾದ ಮೊದಲ ವಾರವೇ ನನ್ನ ಉಣ್ಣೆಯ ಶಾಲನ್ನು ಕ್ಲಬ್ಬಿನ ಬಾಗಿಲಲ್ಲಿ ಕಿತ್ತುಕೊಂಡ ಮಹಾನುಭಾವ.

ಈ ಹುಚ್ಚಿಗೆ ಕಾರಣ ನಮ್ಮ ಮಗಳು ಲರಿಸಾ. ಈ ಸಲ ನಮ್ಮ ಸಸ್ಕಾಚೆವನ್ ಪ್ರಾಂತ್ಯದ ಕರ್ಲಿಂಗ್ ತಂಡದ ನಾಯಕಿ ಅವಳೇ. ಏಳನೇ ವಯಸ್ಸಿನಿಂದ ಅವಳಿಗೆ ಆಟ ಕಲಿಸಿದ್ದು ವಾಲ್ಟರ್. ಆದರೆ ಕ್ರಿಸ್‌ಮಸ್ ಊಟದ ಹೊತ್ತಿಗೆ, ಆಲೂಗಡ್ಡೆ ತುಂಬಿದ ಪೆರೋಗಿ ಕಡುಬಿನ ತಟ್ಟೆ ಇನ್ನೂ ಕೈಯಿಂದ ಕೈಗೆ ಹೋಗುತ್ತಿರುವಾಗಲೇ, ಅವಳು ಹೇಳಿಬಿಟ್ಟಳು: “ಅಪ್ಪ, ನ್ಯಾಷನಲ್ಸ್‌ಗೆ ನೀನು ಬರ್ಬೇಡ. ಗಾಜಿನ ಹಿಂದೆ ನಿಂತು ನೀನು ಕೈ ಆಡಿಸ್ತಿದ್ರೆ ನನ್ನ ತಲೆ ಕೆಡುತ್ತೆ.” ವಾಲ್ಟರ್ ತಟ್ಟೆ ಕೆಳಗಿಟ್ಟು ಎದ್ದು ಹೋದ. ಎರಡು ತಿಂಗಳಾಯಿತು, ಅಪ್ಪ ಮಗಳು ಒಂದು ಮಾತೂ ಆಡಿಲ್ಲ. ಇಬ್ಬರೂ ಹೇಳಬೇಕಾದ್ದನ್ನೆಲ್ಲ ನನಗೇ ಹೇಳುತ್ತಾರೆ, ನಾನೇನು ಟಪಾಲಿನವಳೇ?

ಟೀವಿಯಲ್ಲಿ ತೋರಿಸುವ ಕರ್ಲಿಂಗ್ ಪಂದ್ಯಗಳಲ್ಲಿ ಆಟಗಾರರ ಕತ್ತಿನ ಪಟ್ಟಿಗೆ ಮೈಕು ಸಿಕ್ಕಿಸಿರುತ್ತಾರೆ. ಅವರು ಗುಸುಗುಸು ಮಾತಾಡಿದರೂ ನಮಗೆ ಕೇಳಬೇಕು. ಮಗಳ ದನಿ ಕೇಳಲು ವಾಲ್ಟರಿಗೆ ಉಳಿದಿದ್ದ ದಾರಿ ಅದೊಂದೇ. ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬೇಡಿ. ನಾನು ಕೇಳಿ ಬೈಸಿಕೊಂಡಾಗಿದೆ.

ಟೀವಿಯ ಸ್ವಂತ ಸ್ಪೀಕರು ಗೋಡೆಯ ಕಡೆಗೆ ಗೊಣಗುತ್ತದೆ ಎಂದು ಮೊದಲು ಒಂದು ಉದ್ದನೆಯ ಸೌಂಡ್‌ಬಾರ್ ತಂದ. ಅದನ್ನು ರಸಮಟ್ಟ ಇಟ್ಟು ಸಮ ನೋಡಿ ಕೂರಿಸಿದ. ಪರವಾಗಿಲ್ಲ, ಸ್ವಲ್ಪ ಚೆನ್ನಾಗಿಯೇ ಇತ್ತು. ಅಲ್ಲಿಗೆ ನಿಲ್ಲಿಸಬೇಕಿತ್ತು. ಮೂಲೆಗೊಂದರಂತೆ ಇನ್ನೂ ನಾಲ್ಕು ಸ್ಪೀಕರ್ ತಂದ. ಆಮೇಲೆ ಕಾರ್ಪೆಟ್ ಹೋಯಿತು, ಪರದೆ ಹೋಯಿತು, ದಿಂಬುಗಳು ಹೋದವು, ಮೆತ್ತನೆಯ ಸೋಫಾ ಹೋಗಿ ಅಡುಗೆಮನೆಯ ಮರದ ಕುರ್ಚಿಗಳು ಬಂದವು. ಕೊನೆಗೆ ನೆಲವನ್ನು ಬಿಸಿನೀರಿನಲ್ಲಿ ಸಾರಿಸಿ, ಮಂಡಿಯೂರಿ ಕೂತು, ಕಣ್ಣು ಕಿರಿದು ಮಾಡಿ ನೋಡಿದ.

“ಈಗ ನೋಡು, ಗಾಜಿನ ಥರ ಕೇಳುತ್ತೆ!” ಎಂದ.

ಗಾಜಿನ ಥರವೇ ಕೇಳಿತು, ಒಡೆದ ಗಾಜಿನ ಥರ. ಒಂದು ಮಾತು ನಾಲ್ಕು ಗೋಡೆಗೂ ಬಡಿದು ನಾಲ್ಕಾಗಿ ವಾಪಸ್ಸು ಬರುತ್ತಿತ್ತು. ಸೋಮವಾರದಿಂದ ಶನಿವಾರದವರೆಗೆ ಲರಿಸಾ ಆರು ಪಂದ್ಯ ಆಡಿದಳು, ಅವಳ ಒಂದು ಮಾತೂ ನಮಗೆ ತಿಳಿಯಲಿಲ್ಲ. ವಾಲ್ಟರ್ ಸದ್ದು ಏರಿಸಿದ. ಕಪಾಟಿನ ಕಪ್ಪುಗಳು ನಡುಗಿದವು.

“ಕಾರ್ಪೆಟ್ ವಾಪಸ್ ಹಾಕು ಮಾರಾಯ!”

“ಇನ್ನೂ ಎಲ್ಲೋ ಕಸ ಇದೆ,” ಎಂದು ಪೊರಕೆ ಹಿಡಿದ. ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಭಾನುವಾರ ಮಧ್ಯಾಹ್ನ ಸೆಮಿಫೈನಲ್. ಪಕ್ಕದ ಮನೆಯ ಮೆರ್ವಿನ್, ಅವನ ಹೆಂಡತಿ ಡೋರಿಸ್, ಕ್ಲಬ್ಬಿನ ಇನ್ನೂ ಹತ್ತು ಜನ ನಮ್ಮಲ್ಲಿಗೆ ಬಂದರು. ಹೊರಗೆ ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ. ಎಲ್ಲರ ಮೈಮೇಲೂ ಹಾಸಿಗೆಯಷ್ಟು ದಪ್ಪದ ಕೋಟು.

“ಕೋಟ್ ಎಲ್ಲಿ ಹಾಕಲಿ ಐರಿನ್?” ಎಂದಳು ಡೋರಿಸ್.

ಕೋಟಿನ ಕಪಾಟು ತೆಗೆದೆ. ನನ್ನ ಪರದೆ, ನನ್ನ ದಿಂಬುಗಳು ಮುಖಕ್ಕೆ ಬಿದ್ದವು.

“ನೆಲದ ಮೇಲೆ ಹಾಕು!” ಎಂದೆ. “ಎಲ್ಲ ಅಲ್ಲೇ ಒಗೀರಿ! ಕಂಬಳಿ ಬೇಕಾ? ಕೊಡ್ತೀನಿ, ಹಾಸ್ಕೊಂಡು ಕೂತ್ಕೊಳಿ! ಈ ಮನೇಲಿ ಕೂರೋಕೆ ಬೇರೆ ಏನೂ ಇಲ್ಲ!”

“ಐರಿನ್, ಎಳೆ...” ಎಂದ ವಾಲ್ಟರ್.

“ಎಳೆ ಅಂದ್ರೆ ನಿನ್ನನ್ನೇ ಹೊರಗೆ ಎಳೆದು ಹಾಕ್ತೀನಿ.”

ಹನ್ನೆರಡು ಕೋಟು ನೆಲಕ್ಕೆ ಬಿದ್ದವು. ಬಿಸಿಲು ಟೀವಿಗೆ ಹೊಡೆಯುತ್ತಿದೆ ಎಂದು ಮೆರ್ವಿನ್ ನನ್ನ ಅತ್ತೆ ಹೊಲಿದ ಕೌದಿಯನ್ನು ಕಿಟಕಿಗೆ ನೇತುಹಾಕಿದ. ಕೋಣೆಯ ಪ್ರತಿಧ್ವನಿ ಇದ್ದಕ್ಕಿದ್ದಂತೆ ಅಡಗಿತು. ಟೀವಿಯೊಳಗೆ ಯಾರೋ ಕೆಮ್ಮಿದ್ದು ಕೇಳಿಸಿತು. ವಾಲ್ಟರ್ ನೆಲ ನೋಡಿದ, ಕೌದಿ ನೋಡಿದ, ನನ್ನನ್ನು ಮಾತ್ರ ನೋಡಲಿಲ್ಲ.

ಎಂಟನೇ ಸುತ್ತು, ಎರಡೂ ತಂಡ ಸಮ ಸಮ. ವೃತ್ತದ ನಡುವಿಗೆ ಹತ್ತಿರ ಕೂತ ಕಲ್ಲಿಗೇ ಅಂಕ. ಎದುರಾಳಿಯ ಕಲ್ಲು ಅಲ್ಲಿ ಕೂತಿದೆ, ಅದರ ಮುಂದೆ ಇನ್ನೊಂದು ಕಾವಲು ನಿಂತಿದೆ.

“ಹೊಡೀರಿ!” ವಾಲ್ಟರ್ ಎದ್ದು ನಿಂತು ಕೈ ಆಡಿಸತೊಡಗಿದ. “ಎರಡನ್ನೂ ಹೊಡೆದು ಎತ್ತಿ ಆಚೆ ಹಾಕ್ರಿ! ಏನ್ ಯೋಚನೆ ಮಾಡ್ತಾಳೆ ಇವಳು!”

ಆಗ ಲರಿಸಾಳ ದನಿ, ಪಕ್ಕದ ಕುರ್ಚಿಯಲ್ಲಿ ಕೂತವಳಂತೆ, ತನ್ನ ಜೊತೆಯವಳಿಗೆ ಹೇಳಿತು: “ನಮ್ಮಪ್ಪ ಈಗ ಮನೇಲಿ ಎದ್ದು ನಿಂತಿರ್ತಾನೆ. ಹೊಡಿ, ಹೊಡಿ ಅಂತಿರ್ತಾನೆ. ನಾವು ಪಕ್ಕದಿಂದ ಸುತ್ಕೊಂಡು ಹೋಗಿ ಮೆಲ್ಲಗೆ ಕೂರೋಣ.”

ಹನ್ನೆರಡು ತಲೆಗಳು ವಾಲ್ಟರ್ ಕಡೆ ತಿರುಗಿದವು. ಅವನ ಕೈ ಇನ್ನೂ ಮೇಲೆಯೇ ಇತ್ತು.

ಕಲ್ಲು ಹೊರಟಿತು. ಕಾವಲಿನ ಪಕ್ಕದಲ್ಲಿ ಕೂದಲೆಳೆಯಷ್ಟು ಜಾಗ ಬಿಟ್ಟು ಬಳಸಿಕೊಂಡು ಹೋಗಿ, ಎದುರಾಳಿಯ ಕಲ್ಲಿಗೆ ಮೆತ್ತಗೆ ತಾಗಿ, ಅದನ್ನು ಸರಿಸಿ, ನಡುವೆ ಕೂತಿತು. ಮನೆ ಹಾರಿಹೋಗುವ ಹಾಗೆ ಎಲ್ಲರೂ ಕೂಗಿದರು. ಗದ್ದಲದ ನಡುವೆ ಲರಿಸಾ ಉಸಿರು ಬಿಟ್ಟು ಹೇಳಿದ್ದೂ ಕೇಳಿಸಿತು: “ಅಪ್ಪ ಇಲ್ಲಿ ಇರಬೇಕಿತ್ತು ಕಣೇ.”

ವಾಲ್ಟರ್ ಮೆಲ್ಲಗೆ ಡೋರಿಸಳ ಕೋಟಿನ ಮೇಲೆ ಕೂತುಬಿಟ್ಟ.

ಪಂದ್ಯ ಮುಗಿಯುವವರೆಗೂ ಕಾಯಲಿಲ್ಲ. ಅಡುಗೆಮನೆಗೆ ಹೋಗಿ ಫೋನ್ ಒತ್ತಿದ. ಆಡುತ್ತಿರುವವಳು ಹೇಗೆ ಎತ್ತಿಯಾಳು? ಅವನು ದನಿ ಮುದ್ರಿಸಿಕೊಳ್ಳುವ ಯಂತ್ರಕ್ಕೇ ಮಾತಾಡಿದ: “ಲರಿಸಾ, ಅಪ್ಪ. ನೀ ಹೇಳಿದ್ದೆಲ್ಲ ಕೇಳಿಸ್ತು. ಕಲ್ಲು ಚೆನ್ನಾಗಿತ್ತು. ನಾನೇನೂ ಎದ್ದು ನಿಂತಿರಲಿಲ್ಲ.”

“ನಿಂತಿದ್ದೆ!” ಹಜಾರದಿಂದ ನಾನು ಕೂಗಿದೆ.



“ನಿಂತಿದ್ದೆ,” ಎಂದ ಫೋನಿಗೆ. “ಫೈನಲ್‌ಗೆ ಬರ್ಲಾ? ಗಾಜಿನ ಹತ್ರ ಬರಲ್ಲ. ಕೈ ಜೇಬಲ್ಲಿಟ್ಕೊಂಡು ಕೂತಿರ್ತೀನಿ.”