ಹದಿನಾಲ್ಕನೇ ನಂಬರ್ ರೂಮಿನ ಚಹಾ

ನನ್ನ ಗಂಡನಿಗೆ ಚಹಾ ಮಾಡಲು ಬರುವುದಿಲ್ಲ. ಇದನ್ನು ನಂಬಿಕೊಂಡು ನಾನು ಇಪ್ಪತ್ತೆರಡು ವರ್ಷ ಬೆಳಗ್ಗೆ ಐದೂವರೆಗೆ ಎದ್ದಿದ್ದೇನೆ. ಮದುವೆಯಾದ ಹೊಸತರಲ್ಲಿ ಒಂದೇ ಒಂದು ಸಲ ಮಾಡಿ ಕೊಟ್ಟಿದ್ದರು. ಅದನ್ನು ಕುಡಿದವಳು ನಾನೇ ಆದ್ದರಿಂದ ಮತ್ತೆ ಕೇಳುವ ಗೋಜಿಗೆ ಹೋಗಲಿಲ್ಲ. ನಾನು ಜ್ವರ ಬಂದು ಮಲಗಿದಾಗಲೂ ಫ್ಲಾಸ್ಕ್ ಹಿಡಿದು ಹೋಟೆಲಿಗೆ ಓಡುತ್ತಿದ್ದರು. ಪಾಪ, ಕೈಲಾಗದ ಮನುಷ್ಯ ಅಂದುಕೊಂಡಿದ್ದೆ.

ಇವರ ಕೆಲಸ ತೂಕದ ಯಂತ್ರ ರಿಪೇರಿ. ತಿಂಗಳಲ್ಲಿ ಹತ್ತು ದಿನ ಊರೂರು ತಿರುಗಿ ಅಂಗಡಿಗಳ ತಕ್ಕಡಿ ಸರಿಮಾಡುತ್ತಾರೆ. ಕಳೆದ ತಿಂಗಳು ನಾನೂ ಜೊತೆಗೆ ಹೊರಟೆ. ಅವರು ಹೋಗುವ ಊರಿನಲ್ಲಿ ಕಣ್ಣಿನ ಡಾಕ್ಟರನ್ನು ನೋಡುವುದಿತ್ತು. ಬೇಡ ಎನ್ನಲು ಇವರು ಕೊಟ್ಟ ಕಾರಣ ಒಂದೆರಡಲ್ಲ. ಲಾಡ್ಜಿನಲ್ಲಿ ತಿಗಣೆಯಂತೆ, ಬಸ್ಸಿನಲ್ಲಿ ನೂಕುನುಗ್ಗಲಂತೆ, ಡಾಕ್ಟರು ಮುಂಗೋಪಿಯಂತೆ. ನಾನು ಚೀಲ ಹೆಗಲಿಗೇರಿಸಿದೆ.

ಸಂಜೆ ನಾಲ್ಕಕ್ಕೆ ಲಾಡ್ಜಿನ ಮೆಟ್ಟಿಲು ಹತ್ತುತ್ತಿದ್ದ ಹಾಗೇ ಮ್ಯಾನೇಜರ್ ಎದುರಾದ.

"ಬಂದ್ರಾ ಸಾರ್! ಹದಿನಾಲ್ಕನೇ ನಂಬರ್ ನಿಮಗೇ ಇಟ್ಟಿದೀನಿ. ಹಾಲೂ ತರ್ಸಿದೀನಿ. ನೀವು ಹೋದಾಗಿಂದ ಬಾಯಿಗೆ ಒಂದೊಳ್ಳೆ ಟೀ ಬಿದ್ದಿಲ್ಲ."

ನನ್ನ ಗಂಡನ ಮುಖ ಇಂಗು ತಿಂದ ಮಂಗನ ಹಾಗಾಯಿತು.

"ಯಾವ ಟೀ?" ಎಂದೆ.

"ಇವರಿಗೆ ಸ್ವಲ್ಪ ತಮಾಷೆ ಜಾಸ್ತಿ," ಎಂದರು ನನ್ನ ಗಂಡ.

ಹತ್ತು ನಿಮಿಷಕ್ಕೆ ಮ್ಯಾನೇಜರ್ ಕೈಯಲ್ಲೊಂದು ಲೋಟ ಹಿಡಿದು ರೂಮಿಗೇ ಬಂದ. ಹಿಂದೆಯೇ ಪಕ್ಕದ ರೂಮಿನ ಸೋಪು ಮಾರುವವನು, ಅವನದೂ ಒಂದು ಲೋಟ. ಇನ್ನು ತಪ್ಪಿಸಿಕೊಳ್ಳುವ ದಾರಿಯಿರಲಿಲ್ಲ. ಇವರು ಸಪ್ಪೆ ಮೋರೆ ಹಾಕಿಕೊಂಡು ಸಾಮಾನಿನ ಚೀಲ ಬಿಚ್ಚಿದರು. ಗ್ರೀಸ್ ಮೆತ್ತುತ್ತದೆಂದು ನಾನು ಎಂದೂ ಮುಟ್ಟದ ಚೀಲ ಅದು. ಸ್ಕ್ರೂಡ್ರೈವರುಗಳ ಕೆಳಗಿನಿಂದ ಸ್ಟೀಲ್ ಜಗ್ಗು, ನೀರು ಕಾಯಿಸುವ ಕಾಯಿಲ್, ಬಟ್ಟೆಯ ಸೋಸಣಿಗೆ, ಚಹಾಪುಡಿಯ ಡಬ್ಬಿ ಒಂದೊಂದಾಗಿ ಹೊರಬಂದವು. ಪುಟ್ಟ ತಕ್ಕಡಿಯ ಒಂದು ತಟ್ಟೆಗೆ ಹತ್ತು ಗ್ರಾಮಿನ ಬಟ್ಟು, ಇನ್ನೊಂದಕ್ಕೆ ಪುಡಿ. ಇಷ್ಟು ಭಕ್ತಿಯಿಂದ ಇವರು ನನ್ನ ಕೊರಳಿಗೆ ತಾಳಿಯನ್ನೂ ಕಟ್ಟಿರಲಿಲ್ಲ. ಜಗ್ಗಿನ ನೀರಿಗೆ ಕಾಯಿಲ್ ಇಳಿಬಿಟ್ಟು, ಹಾಲಿನ ಪ್ಯಾಕೆಟ್ಟನ್ನು ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿದರು.

"ಹಾಲಿಗೇ ಕಾಯಿಲ್ ಇಟ್ರೆ ಸೀದು ಹೋಗುತ್ತೆ ಮೇಡಂ," ಎಂದು ಸೋಪಿನವನು ನನಗೆ ಪಾಠ ಹೇಳಿದ. ನನಗೆ!

ನೀರಿಗಿಂತ ಮೊದಲು ನಾನು ಕುದಿದೆ.

"ಜ್ವರದಲ್ಲಿ ನಾನು ಬಿದ್ಕೊಂಡಿದ್ದಾಗ ಈ ಕೈ ಎಲ್ಲಿತ್ತು?" ಜನರ ಮುಂದೆ ಅಳಬಾರದೆಂದು ಜೋರಾಗಿಯೇ ಕೇಳಿದೆ.

"ಒಂದ್ಸಲ ಮಾಡಿದ್ರೆ ದಿನಾ ನನ್ನ ತಲೆಗೇ ಕಟ್ತೀಯ ಅಂತ..."

"ಹಾಗಾದ್ರೆ ಆ ಮೊದಲ್ನೇ ಟೀ?"

"ಬೇಕಂತ್ಲೇ ಕೆಡಿಸಿದ್ದು," ಎಂದು ಜಗ್ಗಿಗೆ ಹೇಳಿದರು.

ಸಂಕಟವಾಯಿತು ನಿಜ. ಆದರೆ ಜುಟ್ಟು ನನ್ನ ಕೈಗೆ ಸಿಕ್ಕಿತ್ತು. "ಇನ್ಮೇಲೆ ಐದೂವರೆಗೆ ಏಳೋರು ನೀವು. ಸಾಯೋತನಕ," ಎಂದೆ. ಇವರು ತಲೆಯಾಡಿಸಿದರು. ಅಷ್ಟರಲ್ಲಿ ಕಾಯಿಲಿನ ಲೋಡಿಗೆ ಫ್ಯೂಸ್ ಹೋಯಿತು.

"ಅಯ್ಯೋ, ಇನ್ನೊಂದು ಕುದಿ ಬೇಕಿತ್ತಲ್ಲ!" ಎಂದರು ಇವರು, ಮನೆಯಲ್ಲಿ ಯಾರೋ ತೀರಿಕೊಂಡ ಹಾಗೆ. ಮ್ಯಾನೇಜರ್ ರೂಮಿನ ಹೊರಗಿನ ಫ್ಯೂಸ್ ಪೆಟ್ಟಿಗೆಗೆ ಓಡಿ, ಬಟ್ಟೆ ಒಣಗಿಸುವಷ್ಟು ದಪ್ಪನೆಯ ತಂತಿ ಸುತ್ತತೊಡಗಿದ. ನನಗೆ ನೋಡಿಕೊಂಡಿರಲು ಆಗಲಿಲ್ಲ.

"ಬಿಡ್ರೀ ಅದನ್ನ! ಲಾಡ್ಜೇ ಹೊತ್ಕೊಂಡು ಉರಿಯುತ್ತೆ." ಇವರ ಚೀಲದಿಂದ ಸ್ಕ್ರೂಡ್ರೈವರ್ ಎಳೆದುಕೊಂಡೆ. ಮೇನ್ ಆಫ್ ಮಾಡಿ, ತೆಳುವಾದ ಒಂದೆಳೆ ಸುತ್ತಿ, ಬಿಗಿದು, ಫ್ಯೂಸ್ ಒತ್ತಿ ಮೇನ್ ಹಾಕಿದೆ. ಕರೆಂಟು ಬಂತು. ತಿರುಗಿ ನೋಡಿದರೆ ಬಾಗಿಲಲ್ಲಿ ನನ್ನ ಗಂಡ, ಕೈಯಲ್ಲಿ ಸೋಸಣಿಗೆ, ಬಾಯಿ ಅಗಲ.

ಹೇಳಿಬಿಡುತ್ತೇನೆ. ನನಗೆ ಕರೆಂಟ್ ಎಂದರೆ ಭಯ, ಇಪ್ಪತ್ತೆರಡು ವರ್ಷದಿಂದ. ಬಲ್ಬ್ ಹೋದರೆ ಇವರು ಸ್ಟೂಲು ಹತ್ತುತ್ತಾರೆ, ನಾನು ನಡುಗುತ್ತಾ ಟಾರ್ಚ್ ಹಿಡಿಯುತ್ತೇನೆ. ಇವರಿಲ್ಲದ ಹತ್ತು ದಿನ ಮಾತ್ರ ನಮ್ಮ ಮನೆಯದಿರಲಿ, ಪಕ್ಕದ ಮನೆಯ ಫ್ಯೂಸನ್ನೂ ನಾನೇ ಹಾಕುತ್ತೇನೆ. ಎರಡು ವರ್ಷದ ಹಿಂದೆ ಇವರು ಸ್ಟೂಲಿನಿಂದ ಬಿದ್ದು ಕೈ ಮುರಿದುಕೊಂಡಾಗಲೂ ಟಾರ್ಚ್ ಹಿಡಿದಿದ್ದವಳು ನಾನೇ.

"ಅಲ್ಲ ಕಣೇ, ನನ್ನ ಕೈ ಮುರಿದಾಗ..."

"ಟೀ ಆರುತ್ತೆ, ಸೋಸಿ," ಎಂದೆ.

ಚಹಾ ಚೆನ್ನಾಗಿತ್ತು. ಹಾಳಾದ್ದು, ನನ್ನದಕ್ಕಿಂತ ಚೆನ್ನಾಗಿತ್ತು.

ಊರಿಗೆ ಮರಳಿದ ಮರುದಿನ ಐದೂವರೆಗೆ ಅಲಾರಂ ಹೊಡೆದುಕೊಂಡಿತು. ಇಬ್ಬರೂ ಕಣ್ಣು ಬಿಡಲಿಲ್ಲ. ಇವರು ಗೊರಕೆ ಶುರುಮಾಡಿದರು. ಎಡಮಗ್ಗುಲಲ್ಲಿ ಮಲಗಿದಾಗ ಇವರಿಗೆ ಗೊರಕೆ ಬರುವುದೇ ಇಲ್ಲ. ನಾನು ಜ್ವರದವಳ ಹಾಗೆ ಎರಡು ಸಲ ಕೆಮ್ಮಿದೆ. ಕೊನೆಗೆ ಇವರೇ ಎದ್ದು ಹೋದರು. ಗೆದ್ದೆ ಎಂದು ಹೊದಿಕೆ ಎಳೆದುಕೊಂಡೆ.

"ಏನೇ," ಅಡುಗೆಮನೆಯಿಂದ ದನಿ ಬಂತು, "ಇಲ್ಲಿ ಬಲ್ಬ್ ಹೋಗಿದೆ."

ಬೈದುಕೊಂಡು ಎದ್ದು ಸ್ಟೂಲು ಹತ್ತಿದೆ. ಬಲ್ಬ್ ಹೋಗಿರಲಿಲ್ಲ, ಯಾರೋ ಕಿತ್ತು ಅರ್ಧಂಬರ್ಧ ಸಿಕ್ಕಿಸಿದ್ದರು. ಒಲೆಯ ಮೇಲೆ ನೀರು ಕುದಿಯುತ್ತಿತ್ತು. ಕೆಳಗೆ ನನ್ನ ಗಂಡ ಟಾರ್ಚ್ ಹಿಡಿದು ನಿಂತಿದ್ದರು, ಭಯದಿಂದ ಕೈ ನಡುಗಿಸುತ್ತಾ, ಥೇಟ್ ನನ್ನ ಹಾಗೇ.