ಏಳು ದಿನದ ನೀರು

“ಎದ್ದೇಳ್ಲಾ ಮೇಲಕ್ಕೆ! ಗುಂಡಿ ಅಳೆಯಕ್ಕೆ ಬಾ ಅಂದ್ರೆ ಗುಂಡಿ ಒಳಗೇ ಕುಂತ್ಕಂಡು ಬೀಡಿ ಸೇದ್ತಾ ಇದ್ದೀಯಾ, ಬೋಳಿಮಗನೆ?”

ಪುಟ್ಟಮಾದು ಬೀಡಿಯನ್ನು ಹೊಸಕಿ ಎದ್ದು ನಿಂತ. ನಲವತ್ತಡಿ ಉದ್ದ, ಇಪ್ಪತ್ತಡಿ ಅಗಲದ ಆ ಕಾಂಕ್ರೀಟು ಗುಂಡಿಯ ಅಂಚಿನಲ್ಲಿ ಗುರುಪಾದಸ್ವಾಮಿ ಪಂಚೆಯ ಚುಂಗನ್ನು ಕೈಯಲ್ಲಿ ಹಿಡಿದು ನಿಂತಿದ್ದ. ಕೆಳಗಿನಿಂದ ನೋಡುವವನಿಗೆ ಮೊದಲು ಅವನ ಚಪ್ಪಲಿ, ಆಮೇಲೆ ಹೊಟ್ಟೆ, ಆಮೇಲೆ ಮುಖ ಕಾಣುತ್ತಿತ್ತು. ಗುಂಡ್ಲುಪೇಟೆಯಿಂದ ಕೇರಳದ ಗಡಿ ಕಡೆಯ ಮದ್ದೂರಿಗೆ ಹೋಗುವ ದಾರಿಯಲ್ಲಿ ಅವನಿಗೆ ಎಂಟು ಎಕರೆ ಇತ್ತು. ಹೋದ ವರ್ಷದ ತನಕ ಅಲ್ಲಿ ಚೆಂಡುಹೂ ಬೆಳೆಯುತ್ತಿದ್ದ. ಈಗ ರೆಸಾರ್ಟು ಎದ್ದಿತ್ತು, ಅದಕ್ಕೊಂದು ಈಜುಕೊಳ.

“ಅಳ್ದಾಯ್ತು ಬುದ್ಧಿ. ತಳ, ಗ್ವಾಡೆ ಎಲ್ಲ ಸೇರಿ ಸಾವಿರದ ಮುನ್ನೂರ ನಲವತ್ತು ಅಡಿ. ಅಡಿಗೆ ತೊಂಬತ್ತು ಕೂಲಿ ಕೊಟ್ರೆ ಮಾಡ್ಕೊಡ್ತೀನಿ. ಟೈಲು, ಗಮ್ಮು ನಿಮ್ದು.”

“ತೊಂಬತ್ತಾ?” ಗುರುಪಾದಸ್ವಾಮಿ ಪಕ್ಕದಲ್ಲಿದ್ದ ಮ್ಯಾನೇಜರ್ ದೊರೆಸ್ವಾಮಿಯ ಕಡೆ ತಿರುಗಿದ. “ಕೇಳುದ್ಯಾ? ಬಸ್‌ಸ್ಟ್ಯಾಂಡ್ ಕಕ್ಕಸ್ಗೂ ನಮ್ ಸ್ವಿಮ್ಮಿಂಗ್ ಪೂಲ್ಗೂ ಒಂದೇ ರೇಟಂತೆ! ಲೇ, ಸರ್ಟಿಫಿಕೇಟ್ ಇದ್ದದಾ ನಿನ್ ತಾವ?”

ಪುಟ್ಟಮಾದು ಜೇಬಿನಿಂದ ಫೋನು ತೆಗೆದು ಗಾಜನ್ನು ಅಂಗಿಗೆ ಒರೆಸಿದ. ಹದಿನೆಂಟು ವರ್ಷ ಸುಲ್ತಾನ್ ಬತ್ತೇರಿಯಲ್ಲಿ ಮಲಯಾಳಿ ಕಂಟ್ರಾಕ್ಟರುಗಳ ಕೈಕೆಳಗೆ ದುಡಿದಿದ್ದ. ವಯನಾಡಿನ ಹನ್ನೊಂದು ಕೊಳಗಳಿಗೆ ಅವನ ಕೈಯಿಂದಲೇ ಟೈಲು ಬಿದ್ದಿತ್ತು. ಹನ್ನೊಂದರ ಫೋಟೊಗಳೂ ಇದ್ದವು. ಫೋನನ್ನು ಮೇಲಕ್ಕೆ ಚಾಚಿದ. ಗುರುಪಾದಸ್ವಾಮಿ ಕೈ ಮುಂದೆ ಮಾಡಲಿಲ್ಲ, ಕತ್ತು ಮಾತ್ರ ಬಗ್ಗಿಸಿದ.

“ಫೋಟೊ ಯಾರ್ ಬೇಕಾರೂ ತೆಗಿಸ್ಕತಾರೆ. ತಾಜಮಹಲ್ ಮುಂದೆ ನಾನೂ ನಿಂತ್ಕಂಡು ತೆಗಿಸ್ಕಂಡಿವ್ನಿ. ನಾ ಕಟ್ಸಿದ್ನಾ?”

ದೊರೆಸ್ವಾಮಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅಷ್ಟರಲ್ಲಿ ಗೇಟಿನೊಳಗೆ ಒಂದು ಬಿಳಿ ಕಾರು ಬಂತು. ಬಾಗಿಲು ಹಾಕಿದ ಸದ್ದು, ಬೂಟಿನ ಸದ್ದು. “ನಮಸ್ಕಾರ ಸಾರ್. ಫೋನ್ ಮಾಡಿದ್ರಲ್ಲ, ಮೈಸೂರಿಂದ. ಪೂಲ್ ಟೈಲಿಂಗು.”

ಗುಂಡಿಯೊಳಗಿದ್ದ ಪುಟ್ಟಮಾದುಗೆ ಆಳು ಕಾಣುವ ಮೊದಲೇ ದನಿ ಗುರುತು ಸಿಕ್ಕಿತು. ಅಕ್ಕ ಮೂಗಮ್ಮನ ಮಗ ಶಾಂತರಾಜು. ಚಾಮರಾಜನಗರದ ಅಕ್ಕನ ಮನೆಯಿಂದ ಹದಿನಾರನೇ ವಯಸ್ಸಿಗೆ ಅವನನ್ನು ಕೈಹಿಡಿದು ಬತ್ತೇರಿಗೆ ಕರೆದೊಯ್ದಿದ್ದವನು ತಾನೇ. ಸಿಮೆಂಟು ತಿಂದು ಬೆರಳು ಒಡೆದು ಅತ್ತಾಗ ಎಣ್ಣೆ ಸವರಿದವನು ತಾನೇ. ಟೈಲಿನ ಮೇಲೆ ಬೆರಳ ಗಿಣ್ಣು ಕುಟ್ಟಿ ಒಳಗೆ ಟೊಳ್ಳೋ ಗಟ್ಟಿಯೋ ಕೇಳುವುದನ್ನು ಕಲಿಸಿದವನೂ ತಾನೇ. ಆಮೇಲೆ ಹುಡುಗ ಮೈಸೂರಿನಲ್ಲಿ ಮೂರು ತಿಂಗಳ ತರಬೇತಿ ಎಂದು ಹೋದ. ಈಗ ಅಂಚಿನಲ್ಲಿ ಬಂದು ನಿಂತವನ ಟೀಶರ್ಟಿನ ಮೇಲೆ ಕಂಪನಿಯ ಹೆಸರಿತ್ತು, ಕೈಯಲ್ಲಿ ಫೈಲಿತ್ತು, ಹಣೆಯ ಮೇಲೆ ಮೂರು ಬೆರಳಿನ ವಿಭೂತಿಯಿತ್ತು.

“ಅಡಿಗೆ ನೂರರವತ್ತು ಸಾರ್. ಕ್ವಾಲಿಟಿ ಬೇಕು ಅಂದ್ರೆ ಕಮ್ಮಿ ಆಗಲ್ಲ” ಎಂದ ಶಾಂತರಾಜು.

ಗುರುಪಾದಸ್ವಾಮಿ ಒಂದು ರೂಪಾಯಿ ಚೌಕಾಸಿ ಮಾಡಲಿಲ್ಲ. ಸರ್ಟಿಫಿಕೇಟಿನ ಫೋಟೊ, ಸೀಲು, ಸಹಿ ನೋಡಿದ. ಹಣೆ ನೋಡಿದ. ಮುಖ ಅರಳಿತು. “ಇದು ನೋಡಪ್ಪ ರೇಟು ಅಂದ್ರೆ. ನಮ್ಮೋರೇ ಅನ್ಸುತ್ತೆ. ಯಾವ ಮಠದ ಕಡೆಯೋರು?”

“ಮೈಸೂರ್ ಕಡೆ ಸಾರ್.”

ಹೌದು ಎಂದೂ ಅಲ್ಲ, ಅಲ್ಲ ಎಂದೂ ಅಲ್ಲ. ಆಗ ಶಾಂತರಾಜು ಕೆಳಗೆ ನೋಡಿದ. ಮಾವನ ಕಣ್ಣು ಅವನ ಕಣ್ಣಿಗೆ ಸಿಕ್ಕಿತು. “ಈ ಮೇಸ್ತ್ರಿನೂ ಇರ್ಲಿ ಸಾರ್, ಕೂಲಿಗೆ” ಎಂದ.

ಸಿಮೆಂಟು ಮೂಟೆಗಳ ಶೆಡ್ಡಿನ ಹಿಂದೆ ಶಾಂತರಾಜುವೇ ಮಾವನನ್ನು ಹುಡುಕಿಕೊಂಡು ಬಂದ.

“ಮಾವ, ನನ್ ಮಾತ್ ಕೇಳು...”

“ಯಾರ್ಗಯ್ಯಾ ಮಾವ? ನಾನ್ಯಾವ ಮಠದೋನು?”

“ಕೂಗ್ಬ್ಯಾಡ. ಹಣೆ ಬರೀದಾಗಿದ್ರೆ ಆ ಗೇಟ್ ತಗೀತಿದ್ರಾ ನಂಗೆ? ಬೆಳಿಗ್ಗೆ ನೀನೂ ಬಂದಿದ್ಯಲ್ಲ, ಏನಂದ್ರು?”

ಪುಟ್ಟಮಾದು ಅಂಗಿಗೆ ಮೆತ್ತಿದ್ದ ಸಿಮೆಂಟಿನ ದೂಳು ಕೊಡವಿದ.

“ದಿನಕ್ಕೆ ಸಾವಿರ ಕೊಡಿಸ್ತೀನಿ ನಿಂಗೆ, ಅತ್ತೆಗೆ ಐನೂರು. ನಿನ್ ಕೈ ಇಲ್ದೆ ಈ ಕೆಲ್ಸ ನಾ ಒಪ್ಕತಿದ್ನಾ? ಕೆಲ್ಸ ನಿಂದೇ ಮಾವ.”

“ಕೆಲ್ಸ ನಂದು. ಹೆಸ್ರು ನಿಂದು. ಓಗು, ಕಾಫಿ ಆರೋಯ್ತದೆ, ಕುಡಿ ಓಗು.”

ಗಾರೆ ಹೊರಲು ಪುಟ್ಟಮಾದುವಿನ ಹೆಂಡತಿ ರಾಚಮ್ಮನೂ ಬಂದಳು. ಗೋಡೆಗೆ, ತಳಕ್ಕೆ ನೀರು ತಡೆಯುವ ಲೇಪ ಬಳಿದು ಮುಗಿದ ದಿನ ಶಾಂತರಾಜು ಮಾಲೀಕನ ಎದುರು ನಿಂತ.

“ಸಾರ್, ಟೈಲ್ ಹಾಕೋ ಮುಂಚೆ ಕೊಳ ತುಂಬಿಸಿ ಏಳು ದಿನ ಬಿಡ್ಬೇಕು. ನೀರು ಇಳೀದೇ ಇದ್ರೆ ಮಾತ್ರ ಟೈಲು. ಇಲ್ಲಾಂದ್ರೆ ಸೋರೋದು ಎಲ್ಲಿ ಅಂತ ಆಮೇಲೆ ಗೊತ್ತಾಗಲ್ಲ.”

“ಏಳು ದಿನಾನಾ? ಬರೋ ತಿಂಗಳು ಇಪ್ಪತ್ತನೇ ತಾರೀಖು ಕೇರಳದ ಗೆಸ್ಟು ಬುಕ್ಕಾಗವ್ರೆ. ಬುಡಪ್ಪ ಆ ಟೆಸ್ಟು ಗಿಸ್ಟು. ಸರ್ಟಿಫಿಕೇಟ್ ಇರೋನಿಗೆ ಅಷ್ಟೂ ಧೈರ್ಯ ಇಲ್ವಾ?”

ಶಾಂತರಾಜು ತಲೆ ಕೆರೆದುಕೊಂಡ. ಪುಟ್ಟಮಾದುವಿನ ಕಡೆ ಒಮ್ಮೆ ನೋಡಿದ. ವಯನಾಡಿನಲ್ಲಿ ಏಳು ದಿನದ ನೀರು ನಿಲ್ಲಿಸದೆ ಒಂದು ಟೈಲು ಬಿಲ್ಲೆಯನ್ನೂ ಮುಟ್ಟದವನು ಪುಟ್ಟಮಾದು. ಬಾಯಿ ತೆರೆದಿದ್ದರೆ ಮಾತು ನಡೆಯುತ್ತಿತ್ತೋ ಇಲ್ಲವೋ. ಅವನು ಬಕೆಟ್ಟು ತೊಳೆಯುತ್ತ ಕುಳಿತ.

ಆ ಸಂಜೆ ಬಂಡೀಪುರದ ಕಡೆಯಿಂದ ಜೋರು ಮಳೆ ಹೊಡೆಯಿತು. ಮಾರನೇ ದಿನ ಬಿಸಿಲು. ಮಧ್ಯಾಹ್ನಕ್ಕೆ ಗುಂಡಿ ಒಣಗಿ ಬೆಳ್ಳಗಾಯಿತು. ಮಾಲೀಕನ ಹೆಂಡತಿ ಶಿವರುದ್ರಮ್ಮ ಜಗಲಿಯ ಮೇಲೆ ಶಾಂತರಾಜುಗೆ ಬಾಳೆಯೆಲೆ ಹಾಕಿ ಅನ್ನ ಬಡಿಸುತ್ತಿದ್ದಳು. ಗಂಡ ಹೆಂಡತಿ ಬೇಲಿಯ ಪಕ್ಕ ಕುಳಿತು ಬುತ್ತಿ ಬಿಚ್ಚಿದರು. ಕುಡಿಯುವ ನೀರನ್ನು ತೋಟದ ಆಳು ಎತ್ತರದಿಂದ ಬೊಗಸೆಗೆ ಹೊಯ್ದು ಹೋದ.

“ಅಲ್ ನೋಡ್ತಾ ಮುದ್ದೆ ನುಂಗ್ಬ್ಯಾಡ, ಗಂಟ್ಲಿಗೆ ಸಿಕ್ಕತ್ತದೆ” ಎಂದಳು ರಾಚಮ್ಮ.

“ಅವನ್ ಎಲೆಗೆ ತುಪ್ಪ ಬಿತ್ತು.”

“ಬೀಳ್ಲಿ. ನಮ್ ಉಡ್ಗನ್ ಎಲೆಗೆ ತಾನೆ?”

“ನಮ್ ಉಡ್ಗ ಅಂತ ಗೊತ್ತಿದ್ರೆ ಬೀಳ್ತಿತ್ತಾ?”

“ಅದ್ಕೇ ಅವ್ನು ಬಾಯ್ಬುಟ್ಟು ಏಳಿಲ್ಲ. ನಿಂಗೆ ಒಟ್ಟೆ ಉರಿ ಯಾರ್ ಮ್ಯಾಲೆ ಅಂತ ಏಳ್ಬುಡು. ಬಡಿಸ್ದೋಳ್ ಮ್ಯಾಲಾ, ತಿಂದೋನ್ ಮ್ಯಾಲಾ?”

ಪುಟ್ಟಮಾದು ಬುತ್ತಿಯ ಮುಚ್ಚಳ ಹಾಕಿದ. ಗುರುಪಾದಸ್ವಾಮಿಯ ಎಂಟು ಎಕರೆ ಕಂಡು ಅವನಿಗೆ ಯಾವತ್ತೂ ಹೊಟ್ಟೆ ಉರಿದಿರಲಿಲ್ಲ. ಗೋಪಾಲಸ್ವಾಮಿ ಬೆಟ್ಟ ಎತ್ತರ ಇದೆಯೆಂದು ಯಾರಾದರೂ ಕರುಬುತ್ತಾರೆಯೇ? ಆದರೆ ಆ ಎಲೆಯ ಮುಂದೆ ಕುಳಿತಿದ್ದ ಬೆನ್ನು ಅವನು ಉಜ್ಜಿ ಸ್ನಾನ ಮಾಡಿಸಿದ್ದ ಬೆನ್ನು. ಅದು ಸುಡುತ್ತಿತ್ತು.

ಎದ್ದು ಗುಂಡಿಗಿಳಿದ. ತಳದ ಆಳದ ಮೂಲೆಯಲ್ಲಿ, ನೀರು ಹೊರಹೋಗುವ ಪೈಪಿನ ಬಾಯಿಯ ಸುತ್ತ ಅಂಗೈಯಗಲ ಜಾಗ ಒದ್ದೆಯಾಗಿತ್ತು. ಮಳೆ ನೀರು ನಿಂತಿರಬೇಕೆಂದು ಬಟ್ಟೆಯಲ್ಲಿ ಒರೆಸಿದ. ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಅದು ಮತ್ತೆ ಒದ್ದೆ. ಮತ್ತೆ ಒರೆಸಿದ. ಮತ್ತೆ ಒದ್ದೆ. ಹೊರಗಿನ ನೆನೆದ ಮಣ್ಣಿನಿಂದ ನೀರು ಒಳಕ್ಕೆ ಜಿನುಗುತ್ತಿದೆ. ಹೊರಗಿನದು ಒಳಗೆ ಬರುವ ದಾರಿಯಲ್ಲಿ ಒಳಗಿನದು ಹೊರಗೆ ಹೋಗದೆ ಇರುತ್ತದೆಯೇ? ಒಂದು ದಿನದ ಕೆಲಸ. ಒಡೆದು, ಪೈಪಿನ ಸುತ್ತ ಮತ್ತೆ ಕಟ್ಟಿದರೆ ಆಯಿತು.

ಮೇಲೆ ಬೂಟಿನ ಸದ್ದಾಯಿತು. ಶಾಂತರಾಜುವಿನ ಪಕ್ಕ ದೊರೆಸ್ವಾಮಿ ಕಡ್ಡಿಯಿಂದ ಹಲ್ಲು ಕುಕ್ಕಿಕೊಳ್ಳುತ್ತ ನಿಂತಿದ್ದ. ಅವನಿಗೆ ಕೇಳಿಸುವಂತೆ ಶಾಂತರಾಜು ಗಟ್ಟಿಯಾಗಿ ಕೂಗಿದ. “ಏನಯ್ಯಾ ಮೇಸ್ತ್ರಿ, ತಳ ಒಣಗ್ತೇನಯ್ಯಾ?”

ಪುಟ್ಟಮಾದು ಒದ್ದೆಯ ಮೇಲೆ ಪಾದ ಇಟ್ಟ.

“ಒಣಗ್ಯದೆ ಸಾರ್.”

ಅಂದೇ ಆ ಮೂಲೆಗೆ ಗಮ್ಮು ಎಳೆದು ಮೊದಲ ಹಾಳೆ ಕೂರಿಸಿದ. ಉಗುರಗಲದ ನೀಲಿ ಬಿಲ್ಲೆಗಳನ್ನು ಅಡಿಯಗಲದ ಕಾಗದಕ್ಕೆ ಅಂಟಿಸಿಕೊಟ್ಟಿರುತ್ತಾರೆ. ಹಾಳೆ ಕೂರಿಸಿ, ಒತ್ತಿ, ಕಾಗದ ನೆನೆಸಿ ಸುಲಿಯಬೇಕು. ಇಪ್ಪತ್ತು ದಿನ ಅದೇ ಕೆಲಸ. ಶಾಂತರಾಜು ಮಟ್ಟ ನೋಡಲು ಮೂರು ಕಾಲಿನ ಯಂತ್ರ ನಿಲ್ಲಿಸಿ ಗೋಡೆಯ ಮೇಲೆ ಕೆಂಪು ಬೆಳಕಿನ ಗೆರೆ ಬಿಡುತ್ತಿದ್ದ. ಅವನು ಆಚೆ ಹೋದಾಗ ಪುಟ್ಟಮಾದು ತನ್ನ ನೀರಿನ ಟ್ಯೂಬು ಹಿಡಿದು ಆ ಗೆರೆಯನ್ನು ಪರೀಕ್ಷಿಸುತ್ತಿದ್ದ. ಒಂದು ದಿನವಾದರೂ ಅದು ತಪ್ಪಬೇಕು. ಕೂದಲಷ್ಟೂ ತಪ್ಪಲಿಲ್ಲ. ಹುಡುಗನ ಮೂಲೆಗಳು ನೇರ, ಸಂದುಗಳು ಸಮ. ಕದ್ದು ಗಿಣ್ಣು ಕುಟ್ಟಿ ನೋಡಿದ. ಎಲ್ಲೂ ಟೊಳ್ಳಿಲ್ಲ. ಆ ದಿನ ಅವನಿಗೆ ಊಟ ಸೇರಲಿಲ್ಲ.

ಬೋರ್‌ವೆಲ್ಲಿನಿಂದ ಎರಡು ದಿನ ನೀರು ಬಿಟ್ಟರು. ಕೊಳ ತುಂಬಿ ನೀಲಿಯಾಗಿ ಹೊಳೆಯಿತು. ಗಂಗೆಪೂಜೆಗೆ ಐನೋರಿಗೆ ಹೇಳಿಯಾಯಿತು. ಮಾರನೇ ಬೆಳಿಗ್ಗೆ ನೀರು ನಾಲ್ಕು ಬೆರಳು ಇಳಿದಿತ್ತು. ಅದರ ಮಾರನೇ ದಿನ ಇನ್ನೂ ನಾಲ್ಕು. ಮೂರನೇ ದಿನ ದೊರೆಸ್ವಾಮಿ ತರಬೇತಿ ಕೊಟ್ಟವರಿಗೆ ಫೋನು ಮಾಡಿ, ಮುಖ ಕಪ್ಪಿಟ್ಟುಕೊಂಡು ಮಾಲೀಕನ ಕಿವಿಯಲ್ಲಿ ಪಿಸುಗುಟ್ಟಿದ. ಆಮೇಲೆ ಪಿಸುಮಾತು ಉಳಿಯಲಿಲ್ಲ.

“ಎಸ್ಸಿ ಉಡುಗ್ರಿಗೆ ಕೊಡೋ ಟ್ರೈನಿಂಗಂತೆ ಕಣಣ್ಣ ಅದು. ಚಾಮರಾಜನಗರದೋನು. ಇವರವ್ವ ಮೂಗಮ್ಮ ಅಂತೆ.”

“ಅಯ್ಯೋ ಶಿವನೆ!” ಜಗಲಿಯ ಮೇಲಿಂದ ಶಿವರುದ್ರಮ್ಮ ಕಿರುಚಿದಳು. “ಇಪ್ಪತ್ತು ದಿನ ಕೈಯಾರೆ ಬಡಿಸ್ಬುಟ್ನಲ್ಲಪ್ಪ!”

ಗುರುಪಾದಸ್ವಾಮಿ ಕೊಳದ ಅಂಚಿನಲ್ಲಿ ಶಾಂತರಾಜುವಿನಿಂದ ಎರಡು ಮಾರು ದೂರ ನಿಂತ.

“ಒರೆಸ್ಕಳ್ಲಾ ಹಣೆ.”

“ಸಾರ್, ಏಳು ದಿನ ಟೆಸ್ಟ್ ಮಾಡಣ ಅಂತ ನಾನು...”

“ಒರೆಸ್ಕಳ್ಲಾ, ಬೋಳಿಮಗನೆ!”

ಶಾಂತರಾಜು ಟೀಶರ್ಟಿನ ತೋಳಿನಿಂದ ಹಣೆ ಉಜ್ಜಿದ. ಒಂದು ಪಟ್ಟೆ ಹೋಯಿತು, ಎರಡು ಕದಡಿ ಹುಬ್ಬಿನ ತನಕ ಇಳಿದವು. ಪುಟ್ಟಮಾದು ಇಪ್ಪತ್ತು ದಿನದಿಂದ ಕಾಯುತ್ತಿದ್ದದ್ದು ಇದನ್ನೇ. ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಅವನ ಹೊಟ್ಟೆ ತಣ್ಣಗಾಯಿತು. ಸುಳ್ಳು ಹೇಳಬಾರದು, ತಣ್ಣಗಾಯಿತು.

“ನಿಮ್ ಕೇರಿ ನನ್ಮಕ್ಕಳ ಕೈಗೆ ಕೆಲ್ಸ ಬಂದಾದ್ರೂ ಎಲ್ಲಿಂದ ಬಂದದು? ಬಿಡಿಗಾಸು ಕೊಡಲ್ಲ ನಿಂಗೆ, ಓಗು!” ಗುರುಪಾದಸ್ವಾಮಿ ಉಗಿದು, ಪುಟ್ಟಮಾದುವಿನ ಕಡೆ ತಿರುಗಿದ. ದನಿ ಮೆತ್ತಗಾಯಿತು. “ನೀನೇ ವಾಸಿ ಕಣ್ಲಾ. ನಿನ್ ಜಾಗ ನಿಂಗೆ ಗೊತ್ತು. ತೊಂಬತ್ತು ಅಂದಿದ್ಯಲ್ಲ? ಎಪ್ಪತ್ತು ಕೊಡ್ತೀನಿ, ರಿಪೇರಿ ಎಲ್ಲ ನೀನೇ ಮಾಡು. ಎಲ್ಲಿ ಸೋರ್ತಾ ಅದೆ ಅಂತ ಕಂಡಿಡೀತೀಯಾ?”

“ಕಂಡಿಡಿಯಾದೇನು ಬುದ್ಧಿ. ಗೊತ್ತು.”

ಶಾಂತರಾಜು ತಟ್ಟನೆ ತಲೆ ಎತ್ತಿದ.

“ಗೊತ್ತಾ? ಎಲ್ಲಿ?”

ಪುಟ್ಟಮಾದು ಲುಂಗಿ ಎತ್ತಿ ಕಟ್ಟಿ, ಉಕ್ಕಿನ ಏಣಿ ಹಿಡಿದು ನೀರಿಗಿಳಿದ.

“ಲೇ! ಲೇ! ಪೂಜೆ ನೀರು ಕಣ್ಲಾ ಅದು! ಯಾಕ್ಲಾ ಇಳಿದೆ?”

ಎದೆಮಟ್ಟ ನೀರಿನಲ್ಲಿ ನಿಧಾನವಾಗಿ ನಡೆದು ಅವನು ಆಳದ ಮೂಲೆಗೆ ಹೋಗಿ ನಿಂತ. “ಇಲ್ಲಿ ಬುದ್ಧಿ. ನನ್ ಕಾಲ್ ಕೆಳ್ಗೆ.” ಮಾತು ಮಾಲೀಕನಿಗಾದರೂ ಕಣ್ಣು ಹುಡುಗನ ಮೇಲಿತ್ತು. “ಟೈಲ್ ಹಾಕೋ ಮುಂಚೆನೇ ಒದ್ದೆ ಇತ್ತು. ನಂಗೆ ಕಾಣ್ತು. ಬೇಕೂ ಅಂತ್ಲೇ ಮುಚ್ಬುಟ್ಟೆ. ಅವನ್ ಕೆಲ್ಸದಲ್ಲಿ ಒಂದ್ ತಪ್ಪಿಲ್ಲ. ಅವ್ನು ನಮ್ಮಕ್ಕನ್ ಮಗ. ನಾ ಕಲಿಸ್ದೋನು.”

ಮೋಟರು ಮಾತ್ರ ಗುರ್ರೆನ್ನುತ್ತಿತ್ತು.

“ಅಡಿಗೆ ನೂರರವತ್ತು. ನೀವ್ ಒಪ್ಪಿದ್ ರೇಟು. ಅಷ್ಟೂ ಅವನ್ ಕೈಗೆ ಕೊಡಿ. ಕೊಡೋಗಂಟ ನಾ ಮೇಲಕ್ಕೆ ಏಳಲ್ಲ.”

“ಎಳೀರ್ಲಾ ಅವನ್ನ ಆಚೆಗೆ!” ಗುರುಪಾದಸ್ವಾಮಿ ಅರಚಿದ.

ದೊರೆಸ್ವಾಮಿ ಪ್ಯಾಂಟು ಮಡಚಿ ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಟ್ಟ. ನೀರು ನೋಡಿದ. ನೀರಿನಲ್ಲಿದ್ದವನನ್ನು ನೋಡಿದ. ಕಾಲು ಹಿಂದಕ್ಕೆ ತೆಗೆದ. “ಅಣ್ಣ, ಈಗ ಇಳಿದ್ರೆ ಮತ್ತೆ ಮನೆಗ್ ಓಗಿ ಸ್ನಾನ...” ಎಂದು ತೊದಲಿದ. ತೋಟದ ಆಳುಗಳಿಬ್ಬರು ಓಡಿ ಬಂದವರು ಅಂಚಿನಲ್ಲೇ ನಿಂತರು. ಒಬ್ಬ ಎಲೆ ತೆಗೆಯುವ ಬಲೆಯ ಉದ್ದನೆಯ ಕೋಲು ತಂದು, ಬಾವಿಗೆ ಬಿದ್ದ ದನವನ್ನು ತಿವಿಯುವಂತೆ ಪುಟ್ಟಮಾದುವಿನ ಹೆಗಲು ತಿವಿದ. ಮತ್ತೆ ತಿವಿದ. ಮೂರನೇ ಸಲ ಕೋಲಿನ ತುದಿ ಕಿವಿಗೆ ಬಡಿದು ರಕ್ತ ಬಂತು. ರಾಚಮ್ಮ ತೊಳೆಯುತ್ತಿದ್ದ ಗಾರೆಯ ಬಾಣಲಿ ಎಸೆದು ಓಡಿಬಂದು ಕೋಲಿಗೆ ಜೋತುಬಿದ್ದಳು.

“ಏನ್ಲಾ ನೋಡ್ತಾ ನಿಂತಿದ್ದೀಯಾ?” ಅವಳು ಶಾಂತರಾಜುವನ್ನು ಕೂಗಿದಳು.

ಶಾಂತರಾಜು ಕದಡಿದ ಹಣೆಯಲ್ಲೇ ಅಂಚಿನ ಮೇಲೆ ಕುಳಿತ. ಬೂಟಿನ ಲಾಡಿ ಬಿಚ್ಚಿದ. ಒಂದು ಬೂಟು, ಇನ್ನೊಂದು ಬೂಟು. ಕಣ್ಣು ಮಾವನ ಮುಖದಿಂದ ಕದಲಲಿಲ್ಲ. ಕಾಲುಗಳನ್ನು ನೀರಿಗೆ ಬಿಟ್ಟು, ಜಾರಿ ಇಳಿದು, ಎರಡು ಕೈಯಲ್ಲೂ ನೀರು ಸೀಳುತ್ತ ಆಳದ ಮೂಲೆಯ ಕಡೆ ನಡೆದ.

ಅವನು ಬರುತ್ತಿರುವುದು ತನ್ನ ಪಕ್ಕಕ್ಕೋ, ತನ್ನ ಕುತ್ತಿಗೆಗೋ ಪುಟ್ಟಮಾದುಗೆ ತಿಳಿಯಲಿಲ್ಲ. ತಾನಂತೂ ಪಾದವನ್ನು ಇಟ್ಟಲ್ಲಿಂದ ಕದಲಿಸಲಿಲ್ಲ.